ಕೊಟ್ಟಿಗೆ ಪಕ್ಕ ನಿಂತ ಪದ್ಮಿನಿಯನ್ನು ಮತ್ತೆ ರೋಡಿಗೆ ಇಳಿಸಬೇಕು, ಎಲ್ಲಿಂದ ಶುರು ಮಾಡಲಿ?

ಸಾಗರದವನು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಇದೆ. ಪೆಟ್ರೋಲ್ ಗಾಡಿ, ಗೇರ್ ಲಿವರ್ ಸ್ಟೇರಿಂಗ್ ಪಕ್ಕದಲ್ಲೇ, ಹಳೇ ಸಿಎ ಸೀರೀಸ್ ನಂಬರ್. ಅಪ್ಪ ಹೊಸದಾಗಿಯೇ ತೆಗೆದುಕೊಂಡಿದ್ದು. 2009ರಲ್ಲಿ ಕ್ಲಚ್ ಹೋಯಿತು ಅಂತ ಕೊಟ್ಟಿಗೆ ಪಕ್ಕದ ಶೆಡ್ಡಿಗೆ ತಳ್ಳಿ ನಿಲ್ಲಿಸಿದರು. ಆಮೇಲೆ ಯಾರೂ ಮುಟ್ಟಿಲ್ಲ. ಅಪ್ಪ ಈಗಿಲ್ಲ. ಆರ್‌ಸಿ ಇನ್ನೂ ಅವರ ಹೆಸರಲ್ಲೇ ಇದೆ.

ಮೊನ್ನೆ ಟಾರ್ಪಲ್ ತೆಗೆದು ನೋಡಿದೆವು. ಮೇಲಿಂದ ಪರವಾಗಿಲ್ಲ. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದರೆ ಮಾತ್ರ ಶೆಡ್ಡಿನ ಮಣ್ಣು ಕಾಣುತ್ತದೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಇಲಿ ಗೂಡು. ಸೀಟಿನ ನಾರು, ಅಡಿಕೆ ಸಿಪ್ಪೆ, ಯಾವುದೋ ಹಳೇ ಬಿಲ್ಲಿನ ಚೂರು ಎಲ್ಲ ಸೇರಿಸಿ ಕಟ್ಟಿದೆ. ಟ್ಯಾಂಕಿನ ಮುಚ್ಚಳ ತೆಗೆದರೆ ವಾರ್ನಿಷ್ ವಾಸನೆ. ನಾಲ್ಕೂ ಟೈರ್ ಕೂತಿವೆ. ಇಂಜಿನ್ ತಿರುಗುತ್ತದೋ ಇಲ್ಲವೋ ನೋಡಿಲ್ಲ.

ನಮ್ಮ ಊರಿನ ಮೆಕ್ಯಾನಿಕ್ "ಒಂದು ಬ್ಯಾಟರಿ ತನ್ನಿ, ಇವತ್ತೇ ಸ್ಟಾರ್ಟ್ ಮಾಡಿ ತೋರಿಸುತ್ತೇನೆ" ಅನ್ನುತ್ತಾರೆ. ಗುಜರಿಯವರು ಬಂದು ಕೆಜಿ ಲೆಕ್ಕದಲ್ಲಿ ರೇಟ್ ಹೇಳಿ ಹೋದರು. ಗುಜರಿಗೆ ಕೊಡುವ ಮಾತೇ ಇಲ್ಲ. ಇಂಜಿನ್ ಮೊದಲು ನೋಡಲಾ, ಬಾಡಿ ಮೊದಲಾ, ಪೇಪರ್ ಮೊದಲಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬೆಂಗಳೂರ್_ಫಿಯೆಟ್:
ಸೂಪರ್ ಗುರು! ಫೋಟೋ ಹಾಕಿ.

ಗ್ರೀಸ್_ಕೈ_ಹುಬ್ಬಳ್ಳಿ:
ಬ್ಯಾಟರಿ ಹಚ್ಚಬ್ಯಾಡ್ರಿ. ಉಳಿದದ್ದು ಸಂಜೆಗೆ ಬರೆಯುತ್ತೇನೆ, ಅಲ್ಲಿತನಕ ಆ ಮೆಕ್ಯಾನಿಕ್ ಕೈಗೆ ಕೀ ಕೊಡಬೇಡಿ.

ಜೆಸಿರೋಡ್_ಹುಡುಗ:
ಯಾಕೆ ಸರ್? ಪದ್ಮಿನಿ ಅಂದರೆ ಹಳೇ ಫಿಯೆಟ್ಟೇ, ಇಂಜಿನ್ನೂ ಫಿಯೆಟ್ಟಿನದೇ. 1089 ಸಿಸಿ, ಪುಶ್‌ರಾಡ್, ಒಂದು ಕಾರ್ಬೊರೇಟರ್, ಕಿಡಿ ಕೊಡಲು ಒಂದು ಪಾಯಿಂಟ್ ಸೆಟ್. ಇಷ್ಟು ಸರಳ ಇಂಜಿನ್ ಮತ್ತೊಂದಿಲ್ಲ. ಪೆಟ್ರೋಲ್ ಬಂದು ಕರೆಂಟ್ ಬಂದರೆ ಸ್ಟಾರ್ಟ್ ಆಗೇ ಆಗುತ್ತದೆ. ಒಂದು ಸಲ ಸದ್ದು ಕೇಳಿದರೆ ಮನೆಯವರಿಗೂ ಧೈರ್ಯ ಬರುತ್ತದೆ, ಖರ್ಚಿಗೆ ಒಪ್ಪುತ್ತಾರೆ.

ಗ್ರೀಸ್_ಕೈ_ಹುಬ್ಬಳ್ಳಿ:
ಈಗ ಬರೆಯುತ್ತೇನೆ. ಇಷ್ಟು ವರ್ಷ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ತುಕ್ಕು ಹಿಡಿದು ಅಂಟಿರುತ್ತವೆ. ಅದರಲ್ಲೂ ಮಲೆನಾಡಿನ ಥಂಡಿ. ಯಾವುದೋ ಒಂದು ವಾಲ್ವ್ ತೆರೆದೇ ನಿಂತಿರುತ್ತದೆ, ಅದರ ಮೂಲಕ ತೇವ ಒಳಗೆ ಹೋಗಿರುತ್ತದೆ. ಆಗ ಸೆಲ್ಫ್ ಹೊಡೆದರೆ ರಿಂಗ್ ಮುರಿಯುತ್ತದೆ, ಇಲ್ಲಾಂದರೆ ಪುಶ್‌ರಾಡ್ ಬಾಗುತ್ತದೆ. ಐದು ನಿಮಿಷದ ಸದ್ದಿಗಾಗಿ ಇಂಜಿನ್ ಇಳಿಸಬೇಕಾಗುತ್ತದೆ.

ಮೊದಲು ಹಳೇ ಆಯಿಲ್ ಪೂರ್ತಿ ಇಳಿಸಿ. ನಟ್ ಬಿಚ್ಚಿದ ಕೂಡಲೇ ನೀರು ಬಂದರೆ ತಿಳಿಸಿ, ಆಗ ಕಥೆ ಬೇರೆ. ನಾಲ್ಕೂ ಪ್ಲಗ್ ಬಿಚ್ಚಿ. ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ಇಂಜಿನ್ ಆಯಿಲ್ ಸಮ ಸಮ ಬೆರೆಸಿ ಸ್ವಲ್ಪ ಬಿಡಿ. ನೆನೆಯಲಿ. ನಡುವೆ ಇನ್ನೊಮ್ಮೆ ಬಿಡಿ. ಅವಸರ ಬೇಡ. ಆಮೇಲೆ ಗಾಡಿ ನ್ಯೂಟ್ರಲ್‌ನಲ್ಲಿ ಇಟ್ಟು ಮುಂದಿನ ಪುಲ್ಲಿ ನಟ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಒಂದು ಕೂದಲೆಳೆ ಅಲ್ಲಾಡಿದರೂ ಸಾಕು, ಅದು ಬಿಡುತ್ತದೆ ಅಂತ ಅರ್ಥ. ಅಲ್ಲಾಡಲಿಲ್ಲ ಅಂತ ಪೈಪ್ ಹಾಕಿ ಎಳೆಯಬೇಡಿ. ಮತ್ತೆ ನೆನೆಸಿ.

ತಿರುಗಲು ಶುರುವಾದ ಮೇಲೆ ಟ್ಯಾಪೆಟ್ ಕವರ್, ಅಂದರೆ ವಾಲ್ವುಗಳ ಮೇಲಿನ ಮುಚ್ಚಳ, ತೆಗೆಯಿರಿ. ಒಬ್ಬರು ಕೈಯಲ್ಲಿ ತಿರುಗಿಸಲಿ, ಇನ್ನೊಬ್ಬರು ಎಂಟೂ ವಾಲ್ವ್ ನೋಡಲಿ. ಕೆಳಗೆ ಹೋದದ್ದು ಪೂರ್ತಿ ಮೇಲೆ ಬರಬೇಕು. ಒಂದು ಅರ್ಧಕ್ಕೇ ನಿಂತರೆ ಅಲ್ಲಿ ತುಕ್ಕು ಇದೆ. ಆಯಿಲ್ ಬಿಟ್ಟು, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಇಷ್ಟೆಲ್ಲ ಆದ ಮೇಲೆ ಹೊಸ ಆಯಿಲ್, ಫಿಲ್ಟರ್. ಪ್ಲಗ್ ಹಾಕದೇ ಸೆಲ್ಫ್ ಹೊಡೆದು ಆಯಿಲ್ ಲೈಟ್ ಆರುವ ತನಕ ತಿರುಗಿಸಿ. ಬ್ಯಾಟರಿಗೆ ಕೆಲಸ ಬರುವುದು ಆಗ.

ಜೆಸಿರೋಡ್_ಹುಡುಗ:
ಒಪ್ಪಿದೆ ಸರ್. ಟ್ಯಾಪೆಟ್ ಕವರ್ ತೆಗೆದು ನೋಡುವ ವಿಷಯ ನನಗೆ ಹೊಳೆದಿರಲಿಲ್ಲ.

ಕುಡ್ಲ_ಡ್ರೈವ್:
ಇಂಜಿನ್ ಎಲ್ಲ ಆಮೇಲೆ ಮಾರಾಯ್ರೆ. ಬ್ರೇಕ್ ಯಾರೂ ಹೇಳ್ತಾ ಇಲ್ಲ ಅಲ್ವಾ? ನಮ್ಮ ಪಕ್ಕದ ಮನೆಯವರ ಫಿಯೆಟ್ ಹೀಗೇ ನಿಂತಿತ್ತು. ಇಂಜಿನ್ ಸ್ಟಾರ್ಟ್ ಆಯಿತು ಅಂತ ಖುಷಿಯಲ್ಲಿ ಅವರ ಮಗ ಗೇಟಿನಿಂದ ಹೊರಗೆ ತೆಗೆದ. ಇಳಿಜಾರು. ಪೆಡಲ್ ಒಂದು ಸಲ ಹಿಡಿಯಿತು, ಎರಡನೇ ಸಲ ನೆಲಕ್ಕೆ ಹೋಯಿತು. ಕಾಂಪೌಂಡ್ ಗೋಡೆ ಇದ್ದದ್ದಕ್ಕೆ ಬಚಾವ್. ಹಿಂದಿನ ವೀಲ್ ಸಿಲಿಂಡರಿನ ರಬ್ಬರ್ ಪುಡಿ ಪುಡಿ ಆಗಿತ್ತು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಇಷ್ಟು ವರ್ಷ ನಿಂತ ಗಾಡಿಯಲ್ಲಿ ಅದು ಸಿಲಿಂಡರಿನ ಒಳಗೇ ತುಕ್ಕು ಹಿಡಿಸಿರುತ್ತದೆ. ಮಾಸ್ಟರ್ ಸಿಲಿಂಡರ್, ನಾಲ್ಕೂ ಚಕ್ರದ ಸಿಲಿಂಡರ್, ರಬ್ಬರ್ ಹೋಸ್, ಒಂದನ್ನೂ ನಂಬಬೇಡಿ. ಕಬ್ಬಿಣದ ಪೈಪನ್ನು ಉದ್ದಕ್ಕೂ ಬಟ್ಟೆಯಲ್ಲಿ ಒರೆಸಿ ನೋಡಿ, ಗುಳಿ ಬಿದ್ದಿದ್ದರೆ ಅದೂ ಹೊಸದು. ಒಂದೇ ಲೈನಿನ ಬ್ರೇಕ್ ಇದ್ದರೆ ಒಂದು ಕಡೆ ಲೀಕ್ ಆದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು ಅಂತಲೇ. ಗಾಡಿ ಓಡುವ ಮೊದಲು ನಿಲ್ಲಬೇಕು.

ಟೂಲ್‌ಬಾಕ್ಸ್:
ಇದಕ್ಕೆ ಸೇರಿಸುವುದು ಒಂದಿದೆ. ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಊದಬೇಡಿ, ಏರ್ ಹೊಡೆಸಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಕವರಿನಲ್ಲಿ ಕಟ್ಟಿ ಬಿಸಾಡಿ. ಮಾಸ್ಕ್ ಹಾಕಿಕೊಳ್ಳಿ. ನಮ್ಮ ಕಡೆ ಗ್ಯಾರೇಜ್ ಹುಡುಗರು ಬಾಯಲ್ಲೇ ಊದುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೆಂಗಳೂರ್_ಫಿಯೆಟ್:
ಟೈರ್ ಬಗ್ಗೆ. ಗೆರೆ ಚೆನ್ನಾಗಿದೆ, ಗಾಳಿ ಹೊಡೆದರೆ ಆಯಿತು ಅಂತ ಯಾರಾದರೂ ಹೇಳುತ್ತಾರೆ. ಕೇಳಬೇಡಿ. ಟೈರ್ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2308 ಅಂದರೆ 2008ರ 23ನೇ ವಾರ. ನಿಮ್ಮದು ಅದಕ್ಕಿಂತ ಹಳೆಯದೇ ಇರುತ್ತದೆ. ಶೆಡ್ಡಿನಲ್ಲಿ ತಳ್ಳಾಡಲು ಸಾಕು, ರೋಡಿಗೆ ಹೊಸದು ಬೇಕು. ಸ್ಟೆಪ್ನಿಯೂ ಸೇರಿ.

ಅರ್ಜಿ_ಗುಮಾಸ್ತ:
ಪೇಪರ್ ಕಡೆ ಯಾರೂ ಬರಲಿಲ್ಲ. ನನ್ನ ಪ್ರಕಾರ ಮೊದಲು ಅದೇ. ಲಕ್ಷಗಟ್ಟಲೆ ಸುರಿದು ಟಿಂಕರಿಂಗ್, ಪೇಂಟ್ ಮಾಡಿಸಿ, ಕೊನೆಗೆ ಆರ್‌ಸಿ ರದ್ದಾಗಿದೆ ಅಂತ ಗೊತ್ತಾದರೆ ಏನು ಮಾಡುತ್ತೀರಿ?

ನಿಮ್ಮದು ಎರಡು ಕೆಲಸ. ಒಂದು, ತಂದೆಯವರ ಹೆಸರಿನಿಂದ ನಿಮ್ಮ ಹೆಸರಿಗೆ. ಅದಕ್ಕೆ ಫಾರ್ಮ್ 31. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಮ್ಮ ಮತ್ತು ಒಡಹುಟ್ಟಿದವರ ಒಪ್ಪಿಗೆ ಪತ್ರ ರೆಡಿ ಮಾಡಿಕೊಳ್ಳಿ. ನಿಯಮದ ಪ್ರಕಾರ ಮಾಲೀಕರು ತೀರಿಕೊಂಡ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾಗಿದೆ, ಅದಕ್ಕೆ ದಂಡ ಕಟ್ಟಿದರೆ ಮುಗಿಯಿತು, ಗಾಬರಿ ಬೇಡ.

ಎರಡು, ನೋಂದಣಿ ನವೀಕರಣ. ನಾವು ಸುಮ್ನೆ ಎಫ್‌ಸಿ ಅನ್ನುತ್ತೇವೆ, ಅರ್ಜಿ ಫಾರ್ಮ್ 25. ಸ್ವಂತ ಕಾರಿಗೆ ಮೊದಲ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ. 2022ರ ಏಪ್ರಿಲ್‌ನಿಂದ ಕಾರಿಗೆ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಇದರ ಮೇಲೆ ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ, ಹಸಿರು ತೆರಿಗೆ ಬೇರೆ. ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಓ ಕೌಂಟರಿನಲ್ಲಿ ನಿಂತು ಪೂರ್ತಿ ಬಾಕಿಯ ಲೆಕ್ಕ ತೆಗೆಸಿ. ಸಿಎ ಸೀರೀಸ್ ಅಂದರೆ 1989ಕ್ಕೆ ಕೆಎ ಬರುವ ಮುಂಚಿನದು. ಅದರ ವಿವರ ಆರ್‌ಟಿಓದವರ ವಾಹನ್ ಸಾಫ್ಟ್‌ವೇರಿನಲ್ಲಿ ಇಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ ಆಗಬೇಕು, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಬೇಕು. ಒರಿಜಿನಲ್ ಆರ್‌ಸಿ ಪುಸ್ತಕ ಜೋಪಾನ, ಏಜೆಂಟ್ ಕೈಗೆ ಕೊಟ್ಟು ಮನೆಗೆ ಬರಬೇಡಿ.

ಸಾಗರದವನು:
ಪುಸ್ತಕ ಇದೆ ಸರ್, ಅಮ್ಮನ ಟ್ರಂಕಿನಲ್ಲಿ. ಚಾಸಿ ನಂಬರ್ ಓದಲು ಬರುತ್ತದೆ. ವಿಂಟೇಜ್ ಅಂತ ಮಾಡಿಸಿದರೆ ಖರ್ಚು ಕಮ್ಮಿ ಅಂತ ಒಬ್ಬರು ಹೇಳಿದರು, ಹೌದಾ?

ಅರ್ಜಿ_ಗುಮಾಸ್ತ:
ನಿಮಗೆ ಆಗುವುದಿಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ನಿಮ್ಮದಕ್ಕೆ 2034ರ ತನಕ ಕಾಯಬೇಕು. ಹೊಸ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರಿನಲ್ಲಿ ವಿಎ ಅಂತ ಬರುತ್ತದೆ, ಮೊದಲೇ ನೋಂದಣಿ ಇದ್ದವರು ಹಳೇ ನಂಬರ್ ಉಳಿಸಿಕೊಳ್ಳಬಹುದು. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೇ.

ಮೈಸೂರ್_1100:
ನನ್ನದು 1972ರ ಫಿಯೆಟ್. ಈ ಕಾರಣಕ್ಕೇ ವಿಂಟೇಜ್ ಮಾಡಿಸಿಲ್ಲ. ಭಾನುವಾರ ಮಾರ್ಕೆಟ್ಟಿಗೆ, ಮದುವೆ ಮನೆಗೆ ತೆಗೆದುಕೊಂಡು ಹೋಗಬೇಕು ನನಗೆ. ಕಾರ್ ಇರುವುದು ಓಡಿಸಲು.

ಕುಡ್ಲ_ಡ್ರೈವ್:
ಅದು ಸರಿ. ಆದರೆ ಉಳಿಸುವ ಕೆಲಸವೂ ಯಾರಾದರೂ ಮಾಡಬೇಕಲ್ಲ. ಧರ್ಮಸ್ಥಳದ ಕಾರ್ ಮ್ಯೂಸಿಯಂಗೆ ಹೋಗಿ ನೋಡಿ, ಮಕ್ಕಳು ಗ್ಲಾಸಿಗೆ ಮುಖ ಹಚ್ಚಿ ನಿಂತಿರುತ್ತಾರೆ.

ಬೆಂಗಳೂರ್_ಫಿಯೆಟ್:
ಮುಂಬೈಯಲ್ಲಿ ಕಾಲಿ ಪೀಲಿ (ಕಪ್ಪು ಹಳದಿ) ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ಪೂರ್ತಿ ನಿಂತವು. ಕೊನೆಯದು 2003ರಲ್ಲಿ ನೋಂದಣಿ ಆಗಿದ್ದು, 20 ವರ್ಷ ಮುಗಿಯಿತು. ಮುಂಬೈಯ ಕುರ್ಲಾದಲ್ಲೇ ಹುಟ್ಟಿದ ಗಾಡಿ, ಆ ಊರಿನಲ್ಲೇ ಟ್ಯಾಕ್ಸಿಯಾಗಿ ಇಲ್ಲದ ಹಾಗಾಯಿತು. ಅದಕ್ಕೇ ಸಾಗರದವರು ಇದನ್ನು ಬಿಡಬಾರದು.

ಅಂಬಾಸಿಡರ್_ಅಭಿಮಾನಿ:
ಅಂಬಾಸಿಡರ್ ಆಗಿದ್ದರೆ ಇಷ್ಟು ತೊಂದರೆ ಇರಲಿಲ್ಲ. ಫಿಯೆಟ್ ತಗಡು ತೆಳು. ಏನೇ ಆದರೂ ಕೆಳಗೆ ಚಾಸಿ ಗಟ್ಟಿ ಇದೆ, ಫ್ಲೋರ್ ತೂತಾದರೆ ಮೇಲೊಂದು ಶೀಟ್ ಬಡಿದರೆ ಮುಗಿಯಿತು.

ಟೂಲ್‌ಬಾಕ್ಸ್:
ಇಲ್ಲ ಸರ್, ಇದು ತಪ್ಪು. ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ನಿಮ್ಮ ಅಂಬಾಸಿಡರೂ ಹಾಗೇ. ಫ್ಲೋರ್, ಬಾಗಿಲ ಕೆಳಗಿನ ಪೆಟ್ಟಿಗೆ, ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಕೂರುವ ಜಾಗ, ಇವೇ ಗಾಡಿಯ ಬೆನ್ನುಮೂಳೆ. ತುಕ್ಕಿನ ಮೇಲೆ ಶೀಟ್ ಬಡಿದರೆ ನಡುವೆ ನೀರು ನಿಂತು ಇನ್ನೂ ಬೇಗ ಕೊಳೆಯುತ್ತದೆ. ಫೈಬರ್, ಪುಟ್ಟಿ ಅಂತೂ ಬೇಡವೇ ಬೇಡ.

ಸಾಗರದವನು ಅವರೇ, ಒಂದು ಸ್ಕ್ರೂ ಡ್ರೈವರ್ ತೆಗೆದುಕೊಂಡು ಕೆಳಗೆ ಮಲಗಿ. ಅಂಡರ್‌ಕೋಟ್ ಇರುವ ಕಡೆಯೆಲ್ಲ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ, ಕೊಳೆತಿದ್ದರೆ ಸದ್ದು ಮಂಕಾಗುತ್ತದೆ, ಮೊನೆ ಒತ್ತಿದರೆ ಒಳಗೇ ಹೋಗುತ್ತದೆ. ಸೀಮೆಸುಣ್ಣದಲ್ಲಿ ಗುರುತು ಮಾಡಿ. ಎಲ್ಲ ಗುರುತಾದ ಮೇಲೆ ಅಂದಾಜು ಸಿಗುತ್ತದೆ. ಕೊಳೆತದ್ದನ್ನು ಕತ್ತರಿಸಿ ತೆಗೆದು ಗಟ್ಟಿ ತಗಡಿಗೆ ಹೊಸ ತಗಡು ವೆಲ್ಡ್ ಮಾಡಬೇಕು. ಬಾಗಿಲ ಕೆಳಗಿನದ್ದು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಪಟ್ಟಿ ಕಟ್ಟಿಸಿ. ಇಲ್ಲಾಂದರೆ ಬಾಡಿ ಕುಸಿದು ಬಾಗಿಲು ಮುಚ್ಚುವುದೇ ಇಲ್ಲ.

ವೆಲ್ಡಿಂಗಿಗೆ ಕೊಡುವ ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಿ. ಖಾಲಿ ಟ್ಯಾಂಕ್ ಅಂತ ಮೋಸ ಹೋಗಬೇಡಿ, ಒಳಗಿನ ಆವಿಯೇ ಸಿಡಿಯುವುದು.

ಅಂಬಾಸಿಡರ್_ಅಭಿಮಾನಿ:
ಸರಿ, ಒಪ್ಪುತ್ತೇನೆ. ಆದರೂ ಅಂಬಾಸಿಡರ್ ತಗಡು ದಪ್ಪ.

ಯುಕೆ_ಕನ್ನಡಿಗ:
ನಾನಿಲ್ಲಿ ಲೀಡ್ಸ್‌ನಲ್ಲಿದ್ದೇನೆ, ಮೋರಿಸ್ ಮೈನರ್ ಇಟ್ಟಿದ್ದೇನೆ. ಇಲ್ಲಿ 40 ವರ್ಷ ದಾಟಿದ ಕಾರಿಗೆ ರೋಡ್ ಟ್ಯಾಕ್ಸ್ ಇಲ್ಲ, 2018ರ ಮೇಯಿಂದ ವರ್ಷವರ್ಷದ ಟೆಸ್ಟೂ ಕಡ್ಡಾಯ ಅಲ್ಲ, ದೊಡ್ಡ ಬದಲಾವಣೆ ಮಾಡಿರಬಾರದು ಅಷ್ಟೆ. ಹಳೇ ಕಾರ್ ಇಟ್ಟವರನ್ನು ಗೌರವದಿಂದ ನೋಡುತ್ತಾರೆ. ನಮ್ಮಲ್ಲಿ ಶುಲ್ಕ ಹತ್ತು ಸಾವಿರ ಮಾಡಿದ್ದು ಓದಿ ಬೇಜಾರಾಯಿತು. ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡದ ಗಾಡಿಯಿಂದ ಎಷ್ಟು ಹೊಗೆ ಬರುತ್ತದೆ?

ಅರ್ಜಿ_ಗುಮಾಸ್ತ:
ಟೆಸ್ಟ್ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೇಲೆ ಕುಡ್ಲದವರು ಬರೆದದ್ದು ಓದಿದಿರಲ್ಲ? ಶುಲ್ಕ ಜಾಸ್ತಿ ಅನ್ನಿ, ಅದು ಸರಿ. ಬ್ರೇಕ್ ನೋಡುವವರು ಒಬ್ಬರು ಇರಲೇಬೇಕು.

ಯುಕೆ_ಕನ್ನಡಿಗ:
ಬ್ರೇಕ್ ಟೆಸ್ಟ್ ನಾನು ಪ್ರತಿ ವರ್ಷ ಮಾಡಿಸುತ್ತೇನೆ, ಕಡ್ಡಾಯ ಇಲ್ಲದಿದ್ದರೂ. ಇನ್ನೊಂದು ವಿಷಯ ಪೆಟ್ರೋಲ್. ಇಲ್ಲಿ 2021ರಲ್ಲಿ ಇ10, ಅಂದರೆ ಶೇಕಡಾ 10ರ ತನಕ ಎಥೆನಾಲ್ ಬೆರೆತ ಪೆಟ್ರೋಲ್, ಬಂದಾಗ ಹಳೇ ಕಾರಿನವರಿಗೆ ಇ5 ಬೇರೆ ಉಳಿಸಿದರು. ಅಲ್ಲಿ ಈಗ ಎಲ್ಲ ಕಡೆ ಇ20 ಅಲ್ವಾ? ಹೇಗೆ ನಿಭಾಯಿಸುತ್ತೀರಿ?

ಮೈಸೂರ್_1100:
ಕಷ್ಟವೇ. ಎಥೆನಾಲ್ ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಾಮ್, ಕಾರ್ಬೊರೇಟರ್ ವಾಷರ್, ಎಲ್ಲವನ್ನೂ ಎಥೆನಾಲ್ ತಡೆಯುವ ರಬ್ಬರಿಗೆ ಬದಲಾಯಿಸಿ. ಎಥೆನಾಲ್ ಬೆರೆತರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು, ಕಾರ್ಬೊರೇಟರಿನ ಹಳೇ ಜೆಟ್‌ನಲ್ಲಿ (ಪೆಟ್ರೋಲ್ ಬರುವ ಸಣ್ಣ ತೂತು) ಮಿಶ್ರಣ ತೆಳುವಾಗಿ ಇಂಜಿನ್ ಬಿಸಿಯಾಗುತ್ತದೆ. ನಾನು ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿದ್ದೇನೆ, ಪ್ಲಗ್ ಬಣ್ಣ ಈಗ ಸರಿಯಾಗಿ ಕಂದು ಬರುತ್ತಿದೆ.

ನಿಲ್ಲಿಸಿಡುವಾಗ ಇನ್ನೂ ಹುಷಾರು. ಅದು ನೀರು ಹೀರುತ್ತದೆ, ಜಾಸ್ತಿಯಾದರೆ ನೀರು ಮತ್ತು ಎಥೆನಾಲ್ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಸಾಗರದ ಮಳೆಗಾಲದಲ್ಲಿ ಕೇಳಬೇಕಾ? ಓಡಿಸದ ತಿಂಗಳುಗಳಲ್ಲಿ ಕಾರ್ಬೊರೇಟರ್ ಖಾಲಿ ಮಾಡಿಡಿ.

ಜೆಸಿರೋಡ್_ಹುಡುಗ:
ಸೀಸದ ಪೆಟ್ರೋಲ್ 2000ರಲ್ಲಿ ನಿಂತಾಗಲೂ ಫಿಯೆಟ್ ಸತ್ತೇ ಹೋಗುತ್ತದೆ ಅಂದಿದ್ದರು. ಓಡುತ್ತಲೇ ಇವೆ. ಸುಮ್ನೆ ಹೆದರಿಸಬೇಡಿ ಗುರುಗಳೇ.

ಮೈಸೂರ್_1100:
ಹೆದರಿಸುತ್ತಿಲ್ಲ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಹೋಸ್ ಬಿರಿದರೆ ಬೆಂಕಿ. ಒಂದು ಹೋಸಿನ ಬೆಲೆ ಎಷ್ಟು, ಕಾರಿನ ಬೆಲೆ ಎಷ್ಟು?

ವೈರಿಂಗ್_ವೆಂಕಿ:
ಇಲಿ ಇದ್ದ ಗಾಡಿ ಅಂದಿರಿ. ಹಾಗಾದರೆ ವೈರ್ ಕಡಿದೇ ಇರುತ್ತದೆ. ಬ್ಯಾಟರಿ ನೇರ ಹಾಕಬೇಡಿ. ಎಲ್ಲ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಟರ್ಮಿನಲ್ ಮತ್ತು ಕೇಬಲ್ ನಡುವೆ ಒಂದು 12 ವೋಲ್ಟ್ ಬಲ್ಬ್ ಸೇರಿಸಿ. ಬಲ್ಬ್ ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ. ಫ್ಯೂಸ್ ಒಂದೊಂದೇ ತೆಗೆಯುತ್ತಾ ಹೋಗಿ, ಯಾವುದಕ್ಕೆ ಬಲ್ಬ್ ಆರುತ್ತದೋ ಆ ಲೈನ್ ಹಿಡಿಯಿರಿ. ಯಾವುದಕ್ಕೂ ಆರದಿದ್ದರೆ ಫ್ಯೂಸ್ ಇಲ್ಲದ ಲೈನಿನಲ್ಲಿ ಹುಡುಕಬೇಕು. ಡಿಸ್ಟ್ರಿಬ್ಯೂಟರ್ ಪಾಯಿಂಟ್ ಹಸಿರು ಹಿಡಿದಿರುತ್ತದೆ, ಸಣ್ಣ ಎಮರಿ ಪೇಪರಿನಲ್ಲಿ ಉಜ್ಜಿ ಫೀಲರ್ ಗೇಜಿನಲ್ಲಿ ಗ್ಯಾಪ್ ಇಡಿ. ಕಂಡೆನ್ಸರ್ ಹೊಸದು ಹಾಕಿ.

ಹೂಗಾರ್:
ಇದೇ ತರ ನಮ್ಮ ಮನೆಯಲ್ಲಿ ಹಳೇ ಯೆಜ್ಡಿ ಇದೆ, ಅದಕ್ಕೂ ಡೀಸೆಲ್ ಬಿಡಬಹುದಾ?

ಗ್ರೀಸ್_ಕೈ_ಹುಬ್ಬಳ್ಳಿ:
ಬಿಡಬಹುದು. ಅದು ಟೂ ಸ್ಟ್ರೋಕ್, ಕ್ರ್ಯಾಂಕ್ ಸೀಲ್ ನೋಡಬೇಕು. ಬೇರೆ ಕಡೆ ಕೇಳಿ, ಇಲ್ಲಿ ಪದ್ಮಿನಿ ಮುಗಿಯಲಿ.

ಸಾಗರದವನು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಲ್ಲಿಯ ತನಕ ಆದದ್ದು ಹೇಳುತ್ತೇನೆ. ಆರ್‌ಟಿಓಗೆ ಹೋಗಿದ್ದೆ, ಆರ್‌ಸಿ ರದ್ದಾಗಿಲ್ಲ, ಬ್ಯಾಕ್‌ಲಾಗ್ ಎಂಟ್ರಿಗೆ ಕೊಟ್ಟಿದ್ದೇನೆ. ವಂಶವೃಕ್ಷ ಬಂತು. ಅಕ್ಕ ಒಪ್ಪಿಗೆ ಪತ್ರ ಕಳಿಸಿದ್ದಾಳೆ.

ಇಂಜಿನ್ ತಿರುಗಿತು! ಮೊದಲು ಸ್ಪ್ಯಾನರಿಗೆ ಜಗ್ಗಲೇ ಇಲ್ಲ. ಗ್ರೀಸ್ ಕೈ ಸರ್ ಹೇಳಿದ ಹಾಗೆ ಮತ್ತೆ ನೆನೆಸಿ ಬಿಟ್ಟೆವು. ಕೊನೆಗೆ ಒಂದು ಸಣ್ಣ ಟಕ್ ಅಂತ ಸದ್ದು, ಫ್ಯಾನ್ ರೆಕ್ಕೆ ಒಂದಿಂಚು ಸರಿಯಿತು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಅರ್ಧಕ್ಕೆ ನಿಂತಿತ್ತು, ತಟ್ಟಿ ಬಿಡಿಸಿದೆವು. ಸೆಲ್ಫ್ ಹೊಡೆದಿದ್ದರೆ ಏನಾಗುತ್ತಿತ್ತು ಅಂತ ಊರಿನ ಮೆಕ್ಯಾನಿಕ್‌ಗೂ ತೋರಿಸಿದೆ, ಈಗ ಅವರೂ ದಿನಾ ಬರುತ್ತಿದ್ದಾರೆ. ಇನ್ನೂ ಪೆಟ್ರೋಲ್ ಹಾಕಿಲ್ಲ. ಬ್ರೇಕ್ ಮುಗಿಯದೇ ಹಾಕುವುದಿಲ್ಲ. ರೇಡಿಯೇಟರ್ ಬಿಚ್ಚಿದರೆ ಕೆಂಪು ಕೆಸರು ಬಂತು.

ಗ್ರೀಸ್_ಕೈ_ಹುಬ್ಬಳ್ಳಿ:
ಭಾರಿ ಆತ್ರಿ! ರೇಡಿಯೇಟರ್ ರಾಡಿಂಗ್ ಮಾಡಿಸಿ, ಅಂದರೆ ಒಳಗಿನ ಕೊಳವೆಗಳಿಗೆ ಕಡ್ಡಿ ಹಾಕಿ ಕಸ ತೆಗೆಸಿ. ನಿಮ್ಮ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಬೋರ್‌ವೆಲ್ ನೀರು ಹಾಕಿದರೆ ಹೆಡ್ ತಿನ್ನುತ್ತಾ ಹೋಗುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್, ಬೇರೆ ಏನೂ ಬೇಡ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿರುತ್ತದೆ. 2009ರಲ್ಲೇ ಹೋಗಿತ್ತು ಅಂದಿರಲ್ಲ, ಗೇರ್‌ಬಾಕ್ಸ್ ಇಳಿಸುವಾಗ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಒಟ್ಟಿಗೆ ಹಾಕಿ.

ಸಾಗರದವನು:
ಆಯಿತು ಸರ್. ಈಗ ನಿಂತಿರುವುದು ವೀಲ್ ಸಿಲಿಂಡರಿನಲ್ಲಿ. ಮುಂದಿನವು ಸಿಕ್ಕಿವೆ. ಹಿಂದಿನವು ಶಿವಮೊಗ್ಗದಲ್ಲಿ ಎಲ್ಲಿ ಕೇಳಿದರೂ ಇಲ್ಲ. ಹಳೆಯದರ ಒಳಗೆ ಗುಳಿ ಬಿದ್ದಿದೆ. ಬರೀ ರಬ್ಬರ್ ಕಿಟ್ ಹಾಕಿದರೆ ಆಗುತ್ತದಾ?

ಕುಡ್ಲ_ಡ್ರೈವ್:
ಗುಳಿ ಬಿದ್ದದ್ದಕ್ಕೆ ಹೊಸ ರಬ್ಬರ್ ಹಾಕಬೇಡಿ ಮಾರಾಯ್ರೆ, ಮತ್ತೆ ಲೀಕ್ ಆಗುತ್ತದೆ. ಹೊಸದೇ ಬೇಕು, ಇಲ್ಲಾ ಲೇತ್‌ನಲ್ಲಿ ಸ್ಟೀಲ್ ಸ್ಲೀವ್ ಹಾಕಿಸಿ.

ಜೆಸಿರೋಡ್_ಹುಡುಗ:
ಇವತ್ತು ಬೆಂಗಳೂರಿನ ಜೆಸಿ ರೋಡಿನಲ್ಲಿ ಒಂದು ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದೆ. ಹಿಂದಿನ ಜೋಡಿ ಇದೆ, ಡಬ್ಬಿ ಕೂಡ ಒಡೆದಿಲ್ಲ. ಶಿವಾಜಿನಗರ ಗುಜರಿಯದಲ್ಲ, ಹೊಸದು. ನಿಮ್ಮ ಹಳೇ ಸಿಲಿಂಡರಿನ ಬೋರ್ (ಒಳವ್ಯಾಸ) ಅಳತೆ ವರ್ನಿಯರ್‌ನಲ್ಲಿ ತೆಗೆದು ಹಾಕಿ. ಅದು ಹೊಂದಿದರೆ ನಾಳೆ ರಾತ್ರಿ ಸಾಗರದ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ.

ಸಾಗರದವನು:
ಅಳತೆ ತೆಗೆಯುತ್ತಿದ್ದೇನೆ ಗುರು, ಹತ್ತು ನಿಮಿಷ. ದುಡ್ಡು ಈಗಲೇ ಕಳಿಸಲಾ?

ಜೆಸಿರೋಡ್_ಹುಡುಗ:
ಮೊದಲು ಅಳತೆ ಕಳಿಸಿ.